ಊಟಕ್ಕೆ ಅರ್ಧ ಗಂಟೆ ಮೊದಲು

ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದು ರಾತ್ರಿ ಒಂಬತ್ತಕ್ಕೆ.
ಊಟಕ್ಕೆ ಅರ್ಧ ಗಂಟೆ ಮೊದಲು, ಅಂತಿದೆ ಚೀಟಿಯಲ್ಲಿ.
ಈಗ ಎರಡೂಕಾಲು.
ಲೆಕ್ಕದ ಪ್ರಕಾರ ನಾನಿನ್ನೂ
ಆ ಅರ್ಧ ಗಂಟೆಯೊಳಗೇ ಇದ್ದೇನೆ.

ತೀರ್ಥಹಳ್ಳಿ. ಫೆಬ್ರವರಿಯ ಕೊನೆ.
ದರಗು ಒಣಗಿ ಉಣುಗು ಮೈಗೆ ಹತ್ತುವ ಕಾಲ.
ಸಾಸಿವೆಯಷ್ಟು ಹುಳ,
ಅದಕ್ಕೂ ಇದೆ ಉಣ್ಣುವುದಕ್ಕೊಂದು ಹೊತ್ತು,
ಕಚ್ಚಿ ಕೂತರೆ ಹೊಟ್ಟೆ ತುಂಬುವವರೆಗೆ
ಯಾರೂ ಅದನ್ನು ಕರೆಯುವುದಿಲ್ಲ.

ಮಂಗನ ಕಾಯಿಲೆ ವಾರ್ಡಿನಲ್ಲಿ ಹನ್ನೆರಡು ಮಂಚ,
ಹದಿನೇಳು ಜನ.
ನಾವಿಬ್ಬರು: ನಾನು, ಫ್ಲೋಸಿ ಸಿಸ್ಟರ್.

ಯಾರು ಎಷ್ಟು ಕುಡಿದರು, ಎಷ್ಟು ಕಕ್ಕಿದರು,
ಮೂತ್ರ ಎಷ್ಟು, ಅದರ ಬಣ್ಣ ಯಾವುದು,
ಎಲ್ಲ ಬರೆಯುವವಳು ನಾನೇ.
ಆರನೇ ಮಂಚ: ಎಳನೀರು, ಇನ್ನೂರು.
ಹನ್ನೊಂದನೇ ಮಂಚ: ಗಂಜಿ, ನೂರೈವತ್ತು.
ಹದಿನೇಳು ಹೊಟ್ಟೆಗಳ ಲೆಕ್ಕ ನನ್ನ ಕೈಬರಹದಲ್ಲಿದೆ,
ಹದಿನೆಂಟನೆಯದಕ್ಕೆ ಕಾಗದ ಕೊಟ್ಟಿಲ್ಲ.

ಡಬ್ಬಿ ಮೊದಲ ಸಲ ತೆರೆದಾಗ
ಮುಚ್ಚಳ ಅರ್ಧ ತಿರುಗಿತ್ತು,
ಒಂಬತ್ತನೇ ಮಂಚದ ಹುಡುಗನ ಮೂಗಿನಲ್ಲಿ ರಕ್ತ.
ಇನ್ನೊಂದು ಸಲ ರೊಟ್ಟಿ ಮುರಿದಿದ್ದೆ,
ಚಟ್ನಿಗೆ ಅದ್ದಿಯೂ ಆಗಿತ್ತು.
ಮಣಿಪಾಲಕ್ಕೆ ಕಳಿಸಬೇಕು, ಬೇಗ ಕಾಗದ ಮಾಡಿ, ಅಂದರು ಡಾಕ್ಟರು.
ಗ್ಲೌಸು ಹಾಕುವಾಗ ಬೆರಳಲ್ಲಿ ಕೊಬ್ಬರಿಯ ಜಿಡ್ಡು.
ಆಮೇಲಿನದ್ದು ನೆನಪಿಲ್ಲ.

ಗೋಡೆಯ ಮೇಲೊಂದು ಸುತ್ತೋಲೆ ಇದೆ,
ಮೊಹರು, ಸಹಿ, ಕ್ರಮಾಂಕ ಸಮೇತ:
ರಾತ್ರಿ ಪಾಳಿಯವರಿಗೆ ಊಟಕ್ಕೆ ಮೂವತ್ತು ನಿಮಿಷ.
ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ:
ಯಾವ ರಾತ್ರಿ?

ನೀ ಹೋಗೇ, ನಾ ನೋಡ್ಕೋತೀನಿ, ಅನ್ನುತ್ತಾಳೆ ಫ್ಲೋಸಿ.
ಪಾದ ಊದಿ ಚಪ್ಪಲಿಯ ಬಾರು ಬಿಚ್ಚಿಕೊಂಡವಳು,
ನಿವೃತ್ತಿಗೆ ಆರು ತಿಂಗಳು,
ಮಾಸ್ಕಿನ ಸಂದಿಯಲ್ಲಿ ಗ್ಲೂಕೋಸ್ ಬಿಸ್ಕತ್ತು ತೂರಿಸಿ
ಶಬ್ದ ಮಾಡದೆ ಕರಗಿಸುವ ವಿದ್ಯೆ ಅವಳದು.
ಹೋಗುತ್ತೇನೆ ಅನ್ನುತ್ತೇನೆ. ಹೋಗುವುದಿಲ್ಲ.

ಹೋದ ವರ್ಷ ಹೋಗಿದ್ದೆ. ಹತ್ತೇ ನಿಮಿಷ.
ಕೈ ತೊಳೆದು ಬರುವಷ್ಟರಲ್ಲಿ
ನಾಲ್ಕನೇ ಮಂಚಕ್ಕೆ ಬಿಳಿ ಹೊದಿಸಿದ್ದರು.
ನೀವಿದ್ದರೂ ಆಗುತ್ತಿತ್ತು, ಅಂದರು ಡಾಕ್ಟರು. ನಿಜವಿರಬಹುದು.
ಆ ದಿನ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ ಇತ್ತು.
ಈಗ ತರುವುದಿಲ್ಲ.

ಹನ್ನೊಂದನೇ ಮಂಚದ ದ್ಯಾವಮ್ಮ,
ದರಗು ಗುಡಿಸಲು ಹೋಗಿ ಬಂದವಳು, ಜ್ವರದ ಎಂಟನೇ ದಿನ,
ಕಣ್ಣು ಕೆಂಪು. ನಾಡಿ ಹಿಡಿದಾಗ ಕೇಳಿದಳು,
ಉಂಡ್ಯೇನೆ ತಂಗಿ?
ಹ್ಞೂಂ, ಆಯ್ತು.
ನಿಮ್ದು?
ನಂದೂ ಆಯ್ತು.

ಸ್ಟೂಲಿನ ಹಿಂದೆ, ಮಡಿಸಿದ ಟವೆಲಿನ ಮರೆಯಲ್ಲಿ
ಲೋಟ ತುಂಬ ಗಂಜಿ, ಮೇಲೆ ಕೆನೆ ಕಟ್ಟಿತ್ತು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವಳು ನೋಡಿದಳು.
ನಿನ್ ಬಾಯಿ ಒಣಗಿದ್ ಕಂಡ್ರೆ ಗೊತ್ತಾಗಲ್ವಾ, ಅಂದಳು,
ನಾನಾದ್ರೂ ಕಾಯಿಲೆಯೋಳು.
ಮಾಸ್ಕು ಇತ್ತಲ್ಲ, ಬಾಯಿ ಹೇಗೆ ಕಂಡಿತೋ.

ನೂರೈವತ್ತು ಹೊಡೆದು ಹಾಕಿ ಸೊನ್ನೆ ಬರೆದೆ.
ಗಂಜಿ ಬಿಸಿ ಮಾಡಿಸಿ ತಂದು ಕೂತೆ.
ಚಮಚ, ಮತ್ತೆ ಚಮಚ, ನಡುವೆ ಅವಳ ಉಸಿರು.
ಎಂಟನೆಯದಕ್ಕೆ ಕೈ ಅಡ್ಡ ಹಿಡಿದಳು.
ಇನ್ನು ನೀ ಎದ್ದು ಹೋದ್ರೆ ಮಾತ್ರ, ಅಂದಳು,
ಬೆಳಿಗ್ಗೆ ಉಳಿದದ್ದು ಕುಡಿಯೋದು.

ಸಿಲಿಂಡರುಗಳ ಕೋಣೆ. ಹರಿದ ಹಾಸಿಗೆ, ಉರುಳಿಸಿಟ್ಟದ್ದು.
ನಿಂತುಕೊಂಡೇ ತಿಂದೆ.
ರೊಟ್ಟಿ ಬಿರಿದು ಹಪ್ಪಳವಾಗಿತ್ತು,
ಎಷ್ಟು ತೊಳೆದರೂ ಬೆರಳಲ್ಲಿ ಸ್ಪಿರಿಟ್ಟಿನ ವಾಸನೆ.
ಕಿವಿ ಮಾತ್ರ ವಾರ್ಡಿನಲ್ಲೇ ಇತ್ತು,
ಅದನ್ನು ಕರೆತರುವುದು ನನ್ನಿಂದ ಆಗಲಿಲ್ಲ.

ಬಾಗಿಲಾಚೆಯಿಂದ ಫ್ಲೋಸಿ,
ಎಷ್ಟಾಯ್ತೇ?
ನಲವತ್ತು, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ತಿಳಿಯಿತು,
ಅವಳು ಕೇಳಿದ್ದು ರೊಟ್ಟಿ.